ಕಳ್ಳರಿಗೆ ಕಾದ ಮಂಚ

ವ್ಯಾಪಾರ ಇಷ್ಟೇ ಮಗಾ: ನೀಲವ್ವ ಕೊಡೋದು ಕಾಲು ಮುರಿದ ಒಂದು ಮಂಚ, ಅವಳಿಗೆ ಬೇಕಾದ್ದು ಅದನ್ನ ಕದಿಯೋ ಕಳ್ಳರು. ಕಣ್ಣು ಮುಚ್ಚು, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದರೆ ಓಣಿಗೆಲ್ಲ ಗ್ಯಾಸ್ ಬಂದ ಮೇಲೆ, ಕಟ್ಟಿಗೆ ಅಡ್ಡೆಯ ನೀಲವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಕಟ್ಟಿಗೆ ಕೊಳ್ಳೋಕೂ ಯಾರೂ ಬರ್ತಿರಲಿಲ್ಲ. ಮೊದಲೆಲ್ಲ ಹೋಳಿ ಹುಣ್ಣಿಮೆ ಬಂತು ಅಂದರೆ ಹುಡುಗರು ಕಾಮಣ್ಣನ್ನ ಸುಡೋಕೆ ಅವಳ ಗೋಡೆ ಹಾರಿ ಕಟ್ಟಿಗೆ, ಸಗಣಿ ಕುಳ್ಳು ಕದೀತಿದ್ದರು, ಅವಳು ಬಾಯಿತುಂಬ ಬೈತಿದ್ದಳು, ಆಮೇಲೆ ಅದೇ ಬೆಂಕಿಯ ಕೆಂಡ ತಂದು ಕಡಲೆ ಹುರಿದು ಅದೇ ಕಳ್ಳರಿಗೆ ಹಂಚ್ತಿದ್ದಳು. ಅದು ಪದ್ಧತಿ. ಈಗ ಓಣಿಯವರು ವಂತಿಗೆ ಎತ್ತಿ ಟೆಂಪೋದಲ್ಲಿ ಕಟ್ಟಿಗೆ ತರಿಸ್ತಾರೆ. ಬೈಯೋಕೂ ಅವಳಿಗೆ ಒಬ್ಬರಿಲ್ಲದ ಹಾಗಾಯ್ತಂತೆ.

ಅದಕ್ಕೆ ಒಂದು ವರ್ಷ ಹೋಳಿಗೆ ಎರಡು ದಿನ ಇರೋವಾಗ, ನೀಲವ್ವ ಮೊದಲನೇ ದಿನ ಮಂಚ ಎಳೆದು ಗೇಟಿನ ಹೊರಗಿಟ್ಟಳಂತೆ. ಇಬ್ಬರು ಮಲಗ್ತಿದ್ದ ಮಂಚ ಅದು, ಈಗ ಅವಳಿಗೆ ಚಾಪೆ ಸಾಕಾಗಿತ್ತು. ಹುಡುಗರು ಬಂದರಂತೆ, ಇವಳು ಬೈಯೋಕೆ ಸಜ್ಜಾಗಿ ಬಾಗಿಲ ಹಿಂದೆ ನಿಂತಳಂತೆ. ಅಜ್ಜೀ, ನಿಮ್ಮ ಮಂಚ ಹೊರಗ ಉಳದೈತ್ರಿ ಅಂತ ಒಳಗೆ ಹೊತ್ತಿಟ್ಟು ಹೋದರಂತೆ. ಎಂಥ ಒಳ್ಳೇ ಮಕ್ಕಳು, ಹಾಳಾಗ! ಎರಡನೇ ದಿನ ಗೇಟು ತೆರೆದಿಟ್ಟು ಸುಳ್ಳು ಗೊರಕೆ ಹೊಡೆದಳಂತೆ. ಪಕ್ಕದ ಮನೆ ಶಂಕ್ರೆಪ್ಪ ಬಂದು, ಕಾಲ ಸರಿ ಇಲ್ಲಬೇ ಯಕ್ಕಾ ಅಂತ ತನ್ನದೇ ಬೀಗ ಜಡಿದು, ಕೀಲಿ ಒಳಗೆಸೆದು ಹೋದನಂತೆ. ಅವತ್ತು ಅವಳು ಕೀಲಿ ಎತ್ತಲೂ ಇಲ್ಲ, ಒಲೆ ಹಚ್ಚಲೂ ಇಲ್ಲ.

ಮೂರನೇ ದಿನ ಹುಣ್ಣಿಮೆ. ನೀಲವ್ವ ಸೀರೆ ಎತ್ತಿ ಕಟ್ಟಿ, ಮಟಮಟ ಮಧ್ಯಾಹ್ನ, ಹುಡುಗರೆಲ್ಲ ನೋಡ್ತಿರೋವಾಗಲೇ ಶಂಕ್ರೆಪ್ಪನ ಹೊಸ ಏಣಿ ದರದರ ಎಳೆದು ತಂದು, ಗೇಟಿಗೆ ಅವನದೇ ಬೀಗ ಹಾಕಿಕೊಂಡಳಂತೆ. ಅವನು ಲಬೋ ಲಬೋ ಬಾಯಿ ಬಡ್ಕೊಂಡು ಬಂದ. ಏ ಕಳ್ಳ ಮುದುಕಿ, ಕೊಡಬೇ ನನ್ನ ಏಣಿ! ಇವಳು ಒಳಗಿಂದ, ಕೇಳಿದರ ಕೊಡಂಗಿಲ್ಲ, ಹೋಳಿ ಐತಿ, ತಾಕತ್ತಿದ್ರ ಕದ್ಕೊಂಡು ಹೋಗೋ ಅಂದಳಂತೆ.

ಶಂಕ್ರೆಪ್ಪ ಗೋಡೆ ಹಾರಿದ, ಧೋತರ ಹರೀತು, ಹಿಂದೆ ಹುಡುಗರೂ ಹಾರಿದರು, ಗೋಡೆ ಕಲ್ಲು ಉದುರಿದವು, ಏಣಿ ಹೋಯ್ತು, ಕುಳ್ಳು ಹೋಯ್ತು, ಆಮೇಲೆ ಮಂಚಾನೂ ಹೋಯ್ತು. ವರ್ಷಗಟ್ಟಲೆ ಕೂಡಿಟ್ಟ ಬೈಗುಳವನ್ನೆಲ್ಲ ನೀಲವ್ವ ಒಂದೇ ಸಲ ಖಾಲಿ ಮಾಡಿದಳಂತೆ. ಸಂಜೆ ಕಾಮಣ್ಣನ ಕೆಂಡ ತಂದು ಕಡಲೆ ಹುರಿದಳಂತೆ, ಕಳ್ಳರು ಸಾಲಾಗಿ ಕೂತು ತಿಂದರಂತೆ.

ನಿದ್ದೆ ಬಂತಾ? ಲೆಕ್ಕ ಕೇಳಿ ಮಲಗು, ಕತೆ ಅಲ್ಲಿಗೆ ಮುಗೀತು. ಹೋದದ್ದು ಮಂಚ, ಕುಳ್ಳು, ಗೋಡೆ ಮೇಲಿನ ಕಲ್ಲು. ಬಂದದ್ದು ಶಂಕ್ರೆಪ್ಪನ ಧೋತರದ ಒಂದು ಚೂರು, ಮತ್ತೆ ಗೋಡೆಯಲ್ಲಿ ಒಂದು ಸಂದು. ಅದನ್ನ ಅವಳು ಕಟ್ಟಿಸಲೇ ಇಲ್ಲ. ಗೇಟು ತೆರೆದಿದ್ದರೂ ಮಕ್ಕಳು ಈಗ ಅಲ್ಲಿಂದಲೇ ಬರ್ತಾರಂತೆ, ಅಜ್ಜೀ, ಕಡಲಿ ಐತೇನಬೇ ಅಂತ.