ಒಂಬತ್ತನೆಯ ಕುಳಿಯ ಮರಳು

"ಮೇಷ್ಟ್ರೇ, ನನ್ನ ಒಂದು ಹೊಡೆತ ಕೆಟ್ಟರೆ ಆಮೇಲಿನ ಹತ್ತೂ ಯಾಕೆ ಕೆಡುತ್ತವೆ?"

ಮೇದಿನಿ ಇದನ್ನು ನಿಂತೇ ಕೇಳಿದಳು. ಕೂರುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಮರುದಿನ ಅವಳು ಅಭ್ಯಾಸ ಮಾಡುವ ಗಾಲ್ಫ್ ಮೈದಾನದಲ್ಲೇ ರಾಜ್ಯ ತಂಡದ ಆಯ್ಕೆಗೆ ಕೊನೆಯ ಪಂದ್ಯ. ಬೆಳಗಿನ ಅಭ್ಯಾಸದಲ್ಲಿ ಆರು ಕುಳಿಗಳವರೆಗೆ ಎಲ್ಲವೂ ಸರಿಯಾಗಿತ್ತು. ಏಳನೆಯ ಕುಳಿಯ ಪಕ್ಕದ ಮರಳುಗುಂಡಿಗೆ ಚೆಂಡು ಬಿತ್ತು. ಮೂರು ಸಲ ಹೊಡೆದ ಮೇಲೆ ಅದು ಮೇಲೆ ಬಂತು. ಅವಳೂ ಮರಳಿನಿಂದ ದಡದಡ ಹತ್ತಿ ಹಿಂದೆ ನೋಡದೆ ಮುಂದೆ ಹೋದಳು. ಅಲ್ಲಿಂದಾಚೆಗೆ ಒಂದು ಹೊಡೆತವೂ ಅವಳ ಮಾತು ಕೇಳಲಿಲ್ಲ.

"ನಾಳೆಯೂ ಹೀಗೇ ಆದರೆ ಈ ಕೋಲುಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಆಡಿ ಸುಖವಿಲ್ಲ" ಎಂದಳು.

ಪಾಪಣ್ಣ ಮೇಷ್ಟ್ರು ಆ ಮೈದಾನದಲ್ಲಿ ಮೂವತ್ತು ವರ್ಷ ಆಟ ಕಲಿಸಿದವರು. ಆಗ ಅವರು ಒಂದು ಮರದ ಕುಂಟೆಗೆ ಹೊಸ ಹಲ್ಲು ಕೂರಿಸುತ್ತಿದ್ದರು. ಮರಳುಗುಂಡಿಯನ್ನು ಸಮ ಮಾಡುವ ಕುಂಟೆ ಅದು. ಅವರು ತಲೆ ಎತ್ತಲಿಲ್ಲ.

"ಕೂತುಕೋ ತಾಯಿ. ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ" ಎಂದು ಶುರುಮಾಡಿದರು.

ವ್ಯಾಪಾರಿಗೆ ನಲವತ್ತು ದಾಟಿದ ಮೇಲೆ ನಿದ್ದೆ ಹತ್ತದಾಯಿತು. ಅವನ ಗೆಳೆಯನೊಬ್ಬ ವೈದ್ಯ. ಅವನು ಔಷಧ ಕೊಡಲಿಲ್ಲ, ಒಂದು ಗಾಲ್ಫ್ ಕೋಲು ಕೊಟ್ಟ. "ದಿನಾ ಬೆಳಿಗ್ಗೆ ನನ್ನ ಜೊತೆ ಬಾ. ಚೆಂಡು ಹೊಡಿ, ನಡಿ, ಮತ್ತೆ ಹೊಡಿ" ಎಂದ. ವ್ಯಾಪಾರಿ ಹೋದ. ಮೊದಲ ಮೂರು ತಿಂಗಳು ಅವನಷ್ಟು ಸುಖಿ ಊರಿನಲ್ಲೇ ಇರಲಿಲ್ಲ. ಚೆಂಡು ಎಲ್ಲಿ ಹೋದರೂ ನಗುತ್ತಿದ್ದ. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಗುವಿನಂತೆ ಮಲಗುತ್ತಿದ್ದ.

ಆಮೇಲೆ ಅವನಿಗೆ ಸ್ವಲ್ಪ ಆಟ ಬಂತು. ಕಷ್ಟ ಶುರುವಾಗಿದ್ದೇ ಅಲ್ಲಿಂದ. ಆಟ ಬಾರದವನಿಗೆ ಹೊಡೆತ ತಪ್ಪಿದರೆ ಅದೊಂದು ತಮಾಷೆ, ಸ್ವಲ್ಪ ಬಂದವನಿಗೆ ಅವಮಾನ. ವ್ಯಾಪಾರಿ ಕೋಲನ್ನು ಹಿಡಿಯುವುದನ್ನು ಬಿಟ್ಟು ಹಿಸುಕತೊಡಗಿದ. ಚೆಂಡು ಎಲ್ಲಿಗೆ ಹೋಯಿತೆಂದು ನೋಡುವ ಆತುರಕ್ಕೆ, ಹೊಡೆಯುವ ಮೊದಲೇ ತಲೆ ಎತ್ತುತ್ತಿದ್ದ. ನೂರು ಗಜ ಹೊಡೆಯಬಲ್ಲ ಕೋಲಿನಿಂದ ನೂರೈವತ್ತು ಗಜ ಕೇಳುತ್ತಿದ್ದ. ಸಿಗದಿದ್ದರೆ ಕೋಲಿಗೆ ಬೈಯುತ್ತಿದ್ದ, ಹುಲ್ಲಿಗೆ ಬೈಯುತ್ತಿದ್ದ, ತನ್ನ ಕೋಲುಗಳ ಚೀಲ ಹೊರುವ ಮುದುಕನಿಗೆ ಬೈಯುತ್ತಿದ್ದ. ಮರಳಿ ಬಂದಿದ್ದ ನಿದ್ದೆ ಮತ್ತೆ ಕಳೆದುಹೋಯಿತು.

ಒಂದು ದಿನ ಅವನ ಚೆಂಡು ಕೆರೆಗೆ ಬಿತ್ತು. ವೈದ್ಯ ಎಂದಿನಂತೆ ನಕ್ಕ. ಅದರಲ್ಲಿ ಕುಹಕವಿರಲಿಲ್ಲ. ಆದರೆ ಅಂದು ಸುತ್ತ ಹತ್ತು ಜನರಿದ್ದರು. ವ್ಯಾಪಾರಿಗೆ ಮೈಯೆಲ್ಲ ಉರಿಯಿತು.

"ಬರುವ ಭಾನುವಾರ ನಾವಿಬ್ಬರೇ ಆಡೋಣ. ಸೋತವನು ಇನ್ನು ಈ ಮೈದಾನಕ್ಕೆ ಕಾಲಿಡಬಾರದು" ಎಂದುಬಿಟ್ಟ.

"ಆಟಕ್ಕೆ ಆಡುವ ಮಾತೇನೋ ಇದು?" ಎಂದ ವೈದ್ಯ.

"ಯಾಕೆ, ಹೆದರಿಕೆಯಾಯಿತೆ?"

ಹತ್ತು ಜನರ ಮುಂದೆ ಹಾಗೆ ಕೇಳಿದರೆ ವೈದ್ಯನಾದರೂ ಏನು ಮಾಡಬೇಕು? ಒಪ್ಪಿಕೊಂಡ. ಊರಿಗೂರೇ ಅದನ್ನು ಮಾತಾಡಿತು. ಭಾನುವಾರ ಬೇರೆ ಯಾರೂ ಆಡಬಾರದು, ಮೈದಾನ ಇವರಿಬ್ಬರಿಗೇ ಎಂದು ತೀರ್ಮಾನವಾಯಿತು.

ಆ ಭಾನುವಾರ ಬೆಳಿಗ್ಗೆ ವ್ಯಾಪಾರಿ ಮೊಳೆ ಹೊಡೆದ ಬೂಟು ಹಾಕಿಕೊಳ್ಳುವಾಗ ನೋಡಿದ. ಎಡಗಾಲಿನ ಹಿಮ್ಮಡಿಯಲ್ಲಿ ನಾಲ್ಕು ಮೊಳೆ ಇರಬೇಕಾದಲ್ಲಿ ಮೂರೇ ಇದ್ದವು. ಇದೂ ಇವತ್ತೇ ಬೀಳಬೇಕಾಗಿತ್ತೆ ಎಂದು ಗೊಣಗಿಕೊಂಡು ಹೊರಟ.

ಆ ಮೈದಾನದಲ್ಲಿ ಇದ್ದದ್ದು ಒಂಬತ್ತು ಕುಳಿ. ಪೂರ್ತಿ ಪಂದ್ಯವಾಗಬೇಕಾದರೆ ಅವೇ ಒಂಬತ್ತನ್ನು ಎರಡು ಸುತ್ತು ಆಡಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಮರಳುಗುಂಡಿಗೆ ಇಳಿದವನು ತನ್ನ ಹೆಜ್ಜೆಯನ್ನು ತಾನೇ ಕುಂಟೆ ಎಳೆದು ಅಳಿಸಿ ಬರಬೇಕು. ಚೀಲ ಹೊರುವವನ ಕೈಯಲ್ಲಿ ಅದನ್ನು ಮಾಡಿಸುವಂತಿಲ್ಲ. ಎಷ್ಟು ದೊಡ್ಡ ಮನುಷ್ಯನಾದರೂ ಅಲ್ಲಿ ಕುಂಟೆ ಹಿಡಿಯಲೇಬೇಕಿತ್ತು.

ಎಂಟು ಕುಳಿಗಳವರೆಗೆ ಇಬ್ಬರೂ ಸಮಸಮ ಬಂದರು. ಮಾತಿಲ್ಲ, ಕತೆಯಿಲ್ಲ. ಒಂಬತ್ತನೆಯದರಲ್ಲಿ ವ್ಯಾಪಾರಿಯ ಚೆಂಡು ಮರಳಿಗೆ ಬಿತ್ತು. ಮರಳು ನುಣ್ಣಗೆ, ಸಮವಾಗಿತ್ತು. ಚೆಂಡು ಮೇಲೆಯೇ ಕೂತಿತ್ತು. ಸುಮ್ಮನೆ ಹೊಡೆದಿದ್ದರೆ ಒಂದೇ ಏಟಿಗೆ ಆಚೆ ಬರುತ್ತಿತ್ತು. ಅವನು ಹೊಡೆಯುವ ಮೊದಲೇ ತಲೆ ಎತ್ತಿದ. ಚೆಂಡು ಒಂದು ಗೇಣು ಹಾರಿ ಮತ್ತೆ ಮರಳಿಗೇ ಬಿತ್ತು. ಸಿಟ್ಟಿನಿಂದ ಮತ್ತೆ ಹೊಡೆದ. ಮೂರನೆಯ ಏಟಿಗೆ ಹಿಮ್ಮಡಿ ಊರಿ, ಹಲ್ಲು ಕಚ್ಚಿ ಹೊಡೆದ ಮೇಲೆ ಅದು ಹೊರಗೆ ಬಂತು. ಆ ಕುಳಿ ಮುಗಿಯುವ ಹೊತ್ತಿಗೆ ಅವನು ಮೂರು ಹೊಡೆತ ಹಿಂದೆ ಬಿದ್ದಿದ್ದ.

ಅವನು ಮರಳಿನಿಂದ ಮೇಲೆ ಬರುವಾಗಲೇ ಮುದುಕ ಕುಂಟೆಯನ್ನು ಮುಂದೆ ಚಾಚಿದ್ದ.

"ಬುದ್ಧೀ, ಹೆಜ್ಜೆ ಅಳಿಸಿಬಿಡಿ. ಅಳಿಸುತ್ತಾ ಅಳಿಸುತ್ತಾ ಕೈಯೂ ಹಗುರಾಗುತ್ತದೆ."

"ನನ್ನ ಮನೆ ಹಾಳಾಗುತ್ತಿದೆ, ನೀನು ಕಸ ಗುಡಿಸು ಅನ್ನುತ್ತೀಯಲ್ಲ! ಇವತ್ತು ನಮ್ಮ ಹಿಂದೆ ಯಾರು ಬರುತ್ತಾರೆ? ನಡಿ, ನಡಿ."

ಮುದುಕ ಕುಂಟೆಯನ್ನು ಮರಳಿನ ಅಂಚಿನಲ್ಲಿ ಮಲಗಿಸಿ ಚೀಲ ಎತ್ತಿಕೊಂಡ. ಅವನು ಇಪ್ಪತ್ತು ವರ್ಷ ಜನರ ಚೀಲ ಹೊತ್ತಿದ್ದ. ಯಾರಿಗೆ ಯಾವಾಗ ಎರಡನೆಯ ಸಲ ಹೇಳಬಾರದು ಎಂಬುದು ಅವನಿಗೆ ಗೊತ್ತಿತ್ತು.

ಎರಡನೆಯ ಸುತ್ತು ಶುರುವಾಯಿತು. ವ್ಯಾಪಾರಿ ಕಾಲು ಹುಲ್ಲಿನ ಮೇಲಿಟ್ಟು ಆಡುತ್ತಿದ್ದರೂ ಮನಸ್ಸು ಆ ಮರಳಿನಲ್ಲೇ ಸಿಕ್ಕಿಕೊಂಡಿತ್ತು. ಪ್ರತಿ ಹೊಡೆತದಲ್ಲೂ ಆ ಮೂರನ್ನು ಒಟ್ಟಿಗೇ ವಾಪಸು ಪಡೆಯಲು ಹೊರಡುತ್ತಿದ್ದ. ಒಂದು ಚೆಂಡು ಪೊದೆಗೆ ಹೋಯಿತು. ಇನ್ನೊಂದು ಮರಕ್ಕೆ ಬಡಿದು ಅವನ ಕಾಲಬುಡಕ್ಕೇ ಬಂತು.

ಅವನು ಅಲ್ಲಿಗೇ ಸೋಲಬೇಕಿತ್ತು. ಸೋಲಲಿಲ್ಲ. ಯಾಕೆಂದರೆ ವೈದ್ಯನ ಆಟವೂ ಕೆಟ್ಟಿತ್ತು. ಗೆದ್ದರೆ ಗೆಳೆಯನನ್ನು ಹೊರಗಟ್ಟಿದಂತೆ, ಸೋತರೆ ತಾನೇ ಹೊರಗೆ. ಅಂಥ ಪಂದ್ಯದಲ್ಲಿ ಯಾರ ಕೈ ನೆಟ್ಟಗೆ ನಿಂತೀತು? ಅವನು ಒಂದು ಕೈಯಳತೆಯಿಂದಲೂ ಚೆಂಡನ್ನು ಕುಳಿಗೆ ತಳ್ಳಲಾರದೆ ತಪ್ಪಿಸಿದ. ಹೀಗೆ ಕೆಟ್ಟದ್ದರ ಮೇಲೆ ಕೆಟ್ಟದ್ದು ಆಡುತ್ತಾ ಕೊನೆಯ ಕುಳಿಗೆ ಬರುವಾಗ ಇಬ್ಬರ ಲೆಕ್ಕವೂ ಮತ್ತೆ ಸಮವಾಗಿತ್ತು.

ಕೊನೆಯ ಕುಳಿ ಎಂದರೆ ಅದೇ ಒಂಬತ್ತನೆಯದು. ಜನ ಬೇಲಿಯಾಚೆ ನಿಂತಿದ್ದರು.

ವೈದ್ಯ ಎರಡು ಹೊಡೆತಕ್ಕೆ ಕುಳಿಯ ಬಾವುಟದಿಂದ ಹತ್ತು ಹೆಜ್ಜೆಯ ದೂರಕ್ಕೆ ಬಂದ. ಇನ್ನೆರಡರಲ್ಲಿ ಅವನು ಮುಗಿಸುವುದು ಖಂಡಿತ. ವ್ಯಾಪಾರಿಯ ಎರಡನೆಯ ಹೊಡೆತವೂ ಚೆನ್ನಾಗಿಯೇ ಹಾರಿತು. ಹುಲ್ಲಿನ ಅಂಚಿಗೆ ಬಿದ್ದು, ಒಂದು ಕ್ಷಣ ನಿಂತಂತಾಗಿ, ನಿಧಾನವಾಗಿ ಮರಳಿಗೆ ಉರುಳಿತು.

ಪರವಾಗಿಲ್ಲ, ಮರಳಿನಿಂದ ಒಂದೇ ಏಟಿಗೆ ಮೇಲೆ ಬಂದರೆ ಇನ್ನೂ ಉಳಿಯಬಹುದು ಎಂದುಕೊಂಡು ವ್ಯಾಪಾರಿ ಇಳಿದ. ನೋಡಿದರೆ ಚೆಂಡು ಮರಳಿನ ಮೇಲೆ ಇರಲಿಲ್ಲ. ಯಾರೋ ಹಿಮ್ಮಡಿ ಊರಿ ಮಾಡಿದ ಆಳವಾದ ಗುಳಿಯೊಳಗೆ ಅರ್ಧ ಹೂತು ಕೂತಿತ್ತು. ಅಲ್ಲಿಂದ ಬಾವುಟದ ಕಡೆ ಹೊಡೆಯಲು ದೇವರಿಗೂ ಆಗುತ್ತಿರಲಿಲ್ಲ.

"ಯಾವ ಮುಠ್ಠಾಳ ಹೆಜ್ಜೆ ಅಳಿಸದೆ ಹೋದವನು?" ಎಂದು ಅವನು ಕೂಗಿದ ಕೂಗು ಬೇಲಿಯಾಚೆಗೂ ಕೇಳಿಸಿತು.

ಮುದುಕ ನೆಲ ನೋಡುತ್ತಾ ನಿಂತ. ವ್ಯಾಪಾರಿಯೂ ಅವನು ನೋಡಿದಲ್ಲೇ ನೋಡಿದ. ಚೆಂಡಿನ ಪಕ್ಕದ ಹೆಜ್ಜೆಯಲ್ಲಿ ಹಿಮ್ಮಡಿಯ ಗುರುತು ಸ್ಪಷ್ಟವಾಗಿತ್ತು. ನಾಲ್ಕು ಮೊಳೆಯ ತೂತಿರಬೇಕಾದಲ್ಲಿ ಮೂರೇ ಇದ್ದವು.

ಅವನ ಮುಖ ಬಿಳಿಚಿಕೊಂಡಿತು. ಇಷ್ಟು ದಿನ ಯಾರ್ಯಾರಿಗೆ ಬೈದಿದ್ದೆ ಎಂಬುದೆಲ್ಲ ಒಂದೊಂದಾಗಿ ನೆನಪಾಯಿತು. ನಾಚಿಕೆಯಿಂದ ಕುಗ್ಗಿಹೋದ.

ವೈದ್ಯ ಅಂಚಿಗೆ ಬಂದು ಇಣುಕಿದ. ಅವನಿಗೂ ಅರ್ಥವಾಯಿತು. ಮೆಲ್ಲಗೆ ಹೇಳಿದ: "ಎತ್ತಿ ಈಚೆಗೆ ಇಟ್ಟುಕೊಂಡು ಹೊಡಿಯೋ. ನಾನು ನೋಡಲಿಲ್ಲ."

"ನೀನು ನೋಡದಿದ್ದರೇನು? ಹೆಜ್ಜೆ ನನ್ನದೇ" ಎಂದ ವ್ಯಾಪಾರಿ.

ಹಾಗೆಂದ ಮೇಲೆ ಅವನಿಗೆ ನಗು ಬಂತು. ಎಷ್ಟೋ ತಿಂಗಳಾದ ಮೇಲೆ ಬಂದ ನಗು. ಕೈಯ ಬಿಗಿ ತಾನಾಗಿಯೇ ಸಡಿಲವಾಯಿತು. ಅವನು ಬಾವುಟಕ್ಕೆ ಬೆನ್ನು ತಿರುಗಿಸಿದ. ಚೆಂಡು ಸುಲಭವಾಗಿ ಹೊರಬೀಳುವ ಕಡೆ, ಅಂದರೆ ಹಿಂದಕ್ಕೆ, ಮೆಲ್ಲಗೆ ಹೊಡೆದ. ಚೆಂಡು ಹುಲ್ಲಿಗೆ ಬಂತು. ಅದು ಮೂರನೆಯ ಹೊಡೆತ.

ಆಮೇಲೆ ಅವನು ಚೆಂಡಿನ ಹಿಂದೆ ಓಡಲಿಲ್ಲ. ಬೆಳಗಿನಿಂದ ಅಲ್ಲೇ ಮಲಗಿದ್ದ ಕುಂಟೆಯನ್ನು ಎತ್ತಿಕೊಂಡ. ಬೆಳಗಿನ ಹೆಜ್ಜೆಗಳನ್ನೂ ಈಗಿನವನ್ನೂ ಒಂದೂ ಬಿಡದೆ ಅಳಿಸಿದ. ಜನ ಕಾದರು. ವೈದ್ಯ ಕಾದ. ವ್ಯಾಪಾರಿಗೆ ಯಾವ ಆತುರವೂ ಇರಲಿಲ್ಲ.

ನಾಲ್ಕನೆಯ ಹೊಡೆತಕ್ಕೆ ನಿಂತಾಗ ಅವನು ಚೆಂಡನ್ನು ಮಾತ್ರ ನೋಡಿದ. ಹೊಡೆದ ಮೇಲೂ ಒಂದು ಗಳಿಗೆ ಖಾಲಿ ಹುಲ್ಲನ್ನೇ ನೋಡುತ್ತಿದ್ದ. ಜನ ಹೋ ಎಂದ ಮೇಲೆ ತಲೆ ಎತ್ತಿದ. ಚೆಂಡು ಕುಳಿಯಿಂದ ಒಂದು ಗೇಣಿನ ದೂರದಲ್ಲಿತ್ತು. ಅಂಥ ಹೊಡೆತವನ್ನು ಅವನು ಜನ್ಮದಲ್ಲಿ ಹೊಡೆದಿರಲಿಲ್ಲ. ಹೋಗಿ ಅದನ್ನು ಕುಳಿಗೆ ತಳ್ಳಿದ. ಐದಾಯಿತು.

ಈಗ ವೈದ್ಯನ ಸರದಿ. ಎರಡರಲ್ಲಿ ಮುಗಿಸಿದರೆ ಅವನು ಗೆದ್ದ. ಬೇಕೆಂದೇ ಒಂದು ತಪ್ಪಿಸಿದರೆ ಇಬ್ಬರೂ ಸಮ, ಇಬ್ಬರೂ ಉಳಿದರು. ಅವನು ಚೆಂಡಿನ ಮುಂದೆ ಬಹಳ ಹೊತ್ತು ನಿಂತ. ಅವನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಮೂವತ್ತು ವರ್ಷದ ಗೆಳೆಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಸರಿಯಾಗಿ ಆಡೋ. ನೀನು ಬೇಕೆಂದೇ ತಪ್ಪಿಸಿದರೆ ನಾನು ಈಗ ಆಡಿದ ಮೂರು ಹೊಡೆತವೂ ಸುಳ್ಳಾಗುತ್ತದೆ" ಎಂದ ವ್ಯಾಪಾರಿ.

ವೈದ್ಯ ಎರಡರಲ್ಲಿ ಮುಗಿಸಿದ. ಅವನ ಕಣ್ಣಲ್ಲಿ ನೀರಿತ್ತು.

ವ್ಯಾಪಾರಿ ಒಂದೇ ಒಂದು ಹೊಡೆತದಿಂದ ಸೋತ. ಮರಳಿನ ಆ ಹೆಜ್ಜೆ ತಿಂದದ್ದೂ ಒಂದೇ ಹೊಡೆತವನ್ನು. ಅವನು ಗೆಳೆಯನ ಕೈ ಕುಲುಕಿದ. ಮುದುಕನಿಗೆ ಕೈ ಮುಗಿದ. ಕೋಲಿನ ಚೀಲವನ್ನು ಆವತ್ತು ತಾನೇ ಹೊತ್ತುಕೊಂಡು ಹೊರಗೆ ನಡೆದ. ಮರುದಿನ ವೈದ್ಯ ಅವನ ಮನೆಗೆ ಹೋದ. ಆ ಮಾತನ್ನು ಮರೆತುಬಿಡು ಎಂದ, ಬೇಡಿಕೊಂಡ. ಬೇಲಿಯಾಚೆ ನಿಂತಿದ್ದವರೂ ಬಂದು ಹೇಳಿದರು. ವ್ಯಾಪಾರಿ ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದ. ಮೈದಾನಕ್ಕೆ ಮಾತ್ರ ಮತ್ತೆ ಕಾಲಿಡಲಿಲ್ಲ. ಮರಳಿನ ಹೆಜ್ಜೆಯನ್ನು ಅಳಿಸುವುದಕ್ಕೆ ಅವನಿಗೆ ಕುಂಟೆ ಸಿಕ್ಕಿತು, ಹತ್ತು ಜನರ ಮುಂದೆ ಆಡಿದ ಮಾತಿಗೆ ಅಂಥದ್ದೇನೂ ಸಿಗಲಿಲ್ಲ.

ಪಾಪಣ್ಣ ಮೇಷ್ಟ್ರು ಕತೆ ನಿಲ್ಲಿಸಿ, ಕೂರಿಸಿದ ಹಲ್ಲನ್ನು ಎಳೆದು ನೋಡಿದರು. ಅದು ಅಲುಗಾಡಲಿಲ್ಲ.

ತಾನು ಯಾವಾಗ ಕೂತೆ ಎಂಬುದೂ ಮೇದಿನಿಗೆ ಗೊತ್ತಿರಲಿಲ್ಲ. ಆ ಮನುಷ್ಯನ ಮೇಲೆ ಅವಳಿಗೆ ಮರುಕವೂ ಬಂತು, ಸಿಟ್ಟೂ ಬಂತು.

"ಇದೆಂಥ ಅನ್ಯಾಯ ಮೇಷ್ಟ್ರೇ. ಆಡುವುದು ಹೇಗೆಂದು ಗೊತ್ತಾದ ದಿನವೇ ಅವನ ಆಟ ಮುಗಿದುಹೋಯಿತಲ್ಲ. ಅವನು ಇನ್ನೊಂದು ಸ್ವಲ್ಪ ಮೊದಲೇ ತಿಳಿದುಕೊಳ್ಳಬಾರದಿತ್ತೆ?"

ಮೇಷ್ಟ್ರು ಎದ್ದು ಕುಂಟೆಯನ್ನು ಅವಳ ಕಡೆ ಚಾಚಿದರು.

"ನಾಳೆ ನೀನು ಆಡಬೇಕಾದ ಏಳನೆಯ ಕುಳಿಯ ಮರಳಿನಲ್ಲಿ ಇವತ್ತು ಬೆಳಗಿನ ನಿನ್ನ ಹೆಜ್ಜೆಗಳು ಇನ್ನೂ ಹಾಗೇ ಇವೆ, ತಾಯಿ."

ಮೇದಿನಿ ಕುಂಟೆಯನ್ನು ತೆಗೆದುಕೊಂಡು ಏಳನೆಯ ಕುಳಿಯ ಕಡೆ ನಡೆದಳು.