ಯಾರ ಮಗು ಒರತೆ

ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಪರ್ವತಗಳ ಕೆಳಗೆ, ಗ್ರಿಕ್ವಾ ಜನ ನೆಲೆನಿಂತ ಸೀಮೆಯಲ್ಲಿ, ಜೊಂಡು ಸುತ್ತುವರಿದ ಒಂದು ಒರತೆಯಿದೆ. ಅಗಲ ಒಂದು ಚಾಪೆಯಷ್ಟು. ತಳ ಮಾತ್ರ ಕಂಡವರಿಲ್ಲ. ಗುಡ್ಡದ ಗಾಳಿಗೆ ಜೊಂಡೆಲ್ಲ ಬಾಗಿ ಮಲಗಿದಾಗಲೂ ಆ ನೀರಿನ ಮೇಲೆ ಅಲೆ ಏಳುವುದಿಲ್ಲ. ದಂಡೆಯಲ್ಲಿ ನುಣುಪು ಕಲ್ಲುಗಳ ಒಂದು ಗುಪ್ಪೆ ಇದೆ. ಎಂಥ ಬಿರುಬಿಸಿಲಿನಲ್ಲೂ ಅದರ ತುದಿಯ ಕಲ್ಲು ಒದ್ದೆಯಾಗಿಯೇ ಇರುತ್ತದೆ. ಊರಿನವರು ಇದನ್ನು ‘ಯಾರ ಮಗು ಒರತೆ’ ಎನ್ನುತ್ತಾರೆ. ನಕ್ಷೆ ಬರೆಯಲು ಬಂದ ಅಧಿಕಾರಿಗಳು, ಇದೆಂಥ ಹೆಸರು ಎಂದು ನಕ್ಕು, ತಮ್ಮದೊಂದು ಚೆಂದದ ಹೆಸರಿಟ್ಟು ಹೋದರಂತೆ. ಆ ಹೆಸರು ಈಗ ಯಾರಿಗೂ ನೆನಪಿಲ್ಲ.

ಗ್ರಿಕ್ವಾ ಜನರ ಹುಟ್ಟನ್ನು ಹೇಳಹೊರಟರೆ ಹಲವು ಮನೆಗಳ ಕದ ತಟ್ಟಬೇಕಾಗುತ್ತದೆ. ಆ ನೆಲದ ಮೂಲನಿವಾಸಿಗಳಾದ ಖೋಯಿ ತಾಯಂದಿರು, ಹಡಗಿನಲ್ಲಿ ಬಂದ ಬಿಳಿಯ ರೈತರು, ಧಣಿಗಳ ಮನೆಯಿಂದ ತಪ್ಪಿಸಿಕೊಂಡ ಗುಲಾಮರು, ಇವರೆಲ್ಲರ ರಕ್ತ ಅವರಲ್ಲಿದೆ. ಮೊದಲು ಲೋಕ ಅವರನ್ನು ಬೆರಕೆಯವರು ಎಂದು ಕರೆಯಿತು. ಅವರೂ ಹಾಗೆಯೇ ಕರೆದುಕೊಂಡರು. ಆಮೇಲೆ ಒಂದು ಹಳೆಯ ಖೋಯಿ ಕುಲದ ಹೆಸರನ್ನು ತಮ್ಮದಾಗಿಸಿಕೊಂಡು ಗ್ರಿಕ್ವಾ ಆದರು. ಹೆಸರೇನೋ ತಾಯಿಯ ಕಡೆಯದು. ಆದರೆ ಜಂಬ ಕೊಚ್ಚುವಾಗ ಹಲವರ ನಾಲಿಗೆಗೆ ಬರುತ್ತಿದ್ದುದು ತಂದೆಯ ಕಡೆಯೇ. ಮನುಷ್ಯನ ಬುದ್ಧಿ ಎಲ್ಲೂ ಅಷ್ಟೇ.

ಹಿಂದೆ ಒಮ್ಮೆ, ಇದ್ದ ನೆಲ ಕೈತಪ್ಪಿ, ಇಡೀ ಜನ ಎತ್ತಿನ ಬಂಡಿಗಳನ್ನು ಹೂಡಿಕೊಂಡು ಪರ್ವತ ದಾಟಿತು. ಬಂಡೆ ಒಡೆದು ದಾರಿ ಮಾಡಿದರು. ಇಳಿಜಾರಿನಲ್ಲಿ ಬಂಡಿ ಉರುಳದಂತೆ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆದರು. ಚಳಿಗೆ ದನಕುರಿಗಳು ನಿಂತಲ್ಲೇ ಸತ್ತವು. ಹಾಗೆ ಇಳಿದು ಬಂದ ಒಂದು ಗುಂಪಿಗೆ ಮೊದಲು ಸಿಕ್ಕ ನೀರು ಈ ಒರತೆ. ಗುಂಪಿನಲ್ಲಿ ಲೋಡೆವಿಕ್ ಎಂಬವನಿದ್ದ. ಚರ್ಚಿನ ಹಿರಿಯ, ಗಟ್ಟಿ ಕುಳ, ಹೆಂಡತಿಯನ್ನು ದಾರಿಯಲ್ಲೇ ಮಣ್ಣು ಮಾಡಿ ಬಂದವನು. ಅವನಿಗೆ ಉಳಿದಿದ್ದವಳು ಮೀಟಾ ಎಂಬ ಒಬ್ಬಳೇ ಮಗಳು. ಅವಳೆಂದರೆ ಅವನಿಗೆ ಜೀವ.

ಹೊಸ ನೀರನ್ನು ಹಾಗೆ ಸುಮ್ಮನೆ ಮುಟ್ಟುವಂತಿರಲಿಲ್ಲ. ನೀರಿನ ತಳದಲ್ಲಿ ಹಣೆಯ ಮೇಲೆ ಹೊಳೆಯುವ ಕಲ್ಲಿರುವ ಮಹಾಸರ್ಪವಿದೆ, ಭೂಮಿಯ ನೀರೆಲ್ಲ ಒಳಗೊಳಗೇ ಒಂದಾದ್ದರಿಂದ ಅದಕ್ಕೆ ಹಿಂದಿನ ತಾಯಂದಿರೆಲ್ಲರ ಗುರುತಿದೆ ಎಂದು ಅವರು ನಂಬಿದ್ದರು. ಮನೆಯ ಯಜಮಾನ ಒಂದು ಕಲ್ಲಿಗೆ ತನ್ನ ಬೆವರು ಸವರಿ, ತಾನು ಯಾರ ಮಗು ಎಂದು ಹೇಳಿ ನೀರಿಗೆ ಹಾಕಬೇಕು. ಅವನ ಮಾತು ಮನೆಮಂದಿಗೆಲ್ಲ ಸಲ್ಲುತ್ತದೆ. ಗುಂಪಿನ ಹಿರಿಯಳು ಗ್ರೀಟ. ಅವಳನ್ನು ಎಲ್ಲರೂ ಔಮಾ, ಎಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅವಳು ದಂಡೆಯಲ್ಲಿ ಕುಳಿತು ಒಬ್ಬೊಬ್ಬರಿಂದಲೂ ಹೇಳಿಸಿದಳು. ಲೋಡೆವಿಕ್ ತನ್ನ ಬಿಳಿಯ ತಾತನ ಹೆಸರನ್ನು ಗಟ್ಟಿಯಾಗಿ ಹೇಳಿ ಕಲ್ಲು ಎಸೆದ.

“ಹೆಂಗಸರ ಕಡೆಯದನ್ನೂ ಹೇಳಪ್ಪಾ. ಈ ನೀರಿಗೆ ನಿನ್ನ ತಾತ ಗೊತ್ತಿಲ್ಲ” ಎಂದಳು ಔಮಾ.

“ಆ ಕಡೆ ಹೇಳೋಕೆ ಯಾರೂ ಇಲ್ಲ ಔಮಾ” ಎಂದು ಅವನು ಕೈ ಒರೆಸಿಕೊಂಡ.

ಮರುದಿನ ಆ ಕಲ್ಲು ದಂಡೆಯ ಮೇಲಿತ್ತು, ಒದ್ದೆಯಾಗಿ. ಯಾರೋ ತುಂಟರ ಕೆಲಸವೆಂದು ಅವನು ಅದನ್ನು ಕಾಲಿನಿಂದ ಒದ್ದು ಮತ್ತೆ ನೀರಿಗೆ ತಳ್ಳಿದ. ಅದು ಮತ್ತೆ ಬಂತು. ನಡುಮಧ್ಯಾಹ್ನ, ನೆರಳು ಕಾಲಡಿ ಸೇರಿದ ಹೊತ್ತಿನಲ್ಲಿ ನೀರಿಗೆ ಹೋದ ಮೀಟಾ ಮಾತ್ರ ಬರಲಿಲ್ಲ. ತುಂಬಿದ ಬಕೆಟ್ಟು ದಂಡೆಯಲ್ಲಿತ್ತು. ಜೊಂಡಿನೊಳಕ್ಕೆ ಹೋದ ಹೆಜ್ಜೆಗಳಿದ್ದವು, ಹೊರಕ್ಕೆ ಬಂದವು ಇರಲಿಲ್ಲ. ಗಂಡಸರು ಉದ್ದನೆಯ ಕೋಲು ಇಳಿಬಿಟ್ಟು ನೋಡಿದರು, ತಳ ಸಿಗಲಿಲ್ಲ.

ಲೋಡೆವಿಕ್ ಹುಚ್ಚನಂತೆ ಕಲ್ಲಿನ ಮೇಲೆ ಕಲ್ಲು ಎಸೆದ, ತಾತನ ಹೆಸರನ್ನು ಕೂಗಿ ಕೂಗಿ. ಒಂದೊಂದೂ ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ದಂಡೆಗೆ ಬಂದು ಕೂರುತ್ತಿತ್ತು. ಅವನನ್ನು ಬೆನ್ನಿಗೆ ಕಟ್ಟಿಕೊಂಡು, ಕುರಿದೊಗಲ ಹೊದಿಕೆಯಲ್ಲಿ ಮಲಗಿಸಿಕೊಂಡು ಸಾಕಿದ ಸ್ವಂತ ಖೋಯಿ ಅಜ್ಜಿ ಹಿಂದೆ ಒಬ್ಬಳಿದ್ದಳು. ಅವಳ ಮೈಯಲ್ಲಿ ಸದಾ ಬುಖು ಸೊಪ್ಪಿನ ಘಮ. ನಾಲ್ಕು ಜನರ ಮುಂದೆ ಕೂರುವವನಾದ ಮೇಲೆ ಅವನು ಅವಳನ್ನು ಮನೆಗೆಲಸದವಳೆಂದು ಹೇಳಿಬಿಟ್ಟಿದ್ದ. ಅವಳು ಅದನ್ನು ಕೇಳಿಸಿಕೊಂಡೇ ನೀರು ತಂದುಕೊಟ್ಟಿದ್ದಳು. ಈಗ ಅವಳ ಹೆಸರು ಹೇಳಲು ಬಾಯಿ ತೆರೆದ. ಹೆಸರು ಅವನಿಗೆ ಗೊತ್ತೇ ಇರಲಿಲ್ಲ.

“ಔಮಾ, ನೀವು ಅವಳನ್ನ ನೋಡಿದೀರಿ. ಹೆಸರು ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಕೆಲಸದವಳು ಅಂದಿದ್ದೆಯಲ್ಲಪ್ಪಾ ನೀನು. ಕೆಲಸದವಳ ಹೆಸರು ಯಾರು ಕೇಳ್ತಾರೆ?”

ಅವನು ಎಲ್ಲರೆದುರು ಮಂಡಿಯೂರಿ ಅತ್ತ. ಕಣ್ಣೀರನ್ನೇ ಕಲ್ಲಿಗೆ ಸವರಿ, “ಹೆಸರು ಗೊತ್ತಿಲ್ಲ. ನನ್ನನ್ನ ಹೊತ್ತು ಸಾಕಿದವಳು. ನಾನು ಅವಳ ಮೊಮ್ಮಗ” ಎಂದ. ಆ ಕಲ್ಲು ಸದ್ದಿಲ್ಲದೆ ಮುಳುಗಿತು. ತಿರುಗಿ ಬರಲಿಲ್ಲ.

ಬಿಸಿಲು ಇಳಿಯುವಾಗ ಜೊಂಡು ಸರಿಯಿತು, ಮೀಟಾ ಹೊರಬಂದಳು. ಬಟ್ಟೆ ಒಣಗಿತ್ತು, ಕೂದಲಿನಿಂದ ಮಾತ್ರ ನೀರು ಇಳಿಯುತ್ತಿತ್ತು. ಅವಳ ಮೈಯಿಂದ ಬುಖು ಸೊಪ್ಪಿನ ಘಮ ಬರುತ್ತಿತ್ತು. ಆ ಸೊಪ್ಪು ಈ ಗುಡ್ಡಗಳಲ್ಲಿ ಬೆಳೆಯುವುದೇ ಇಲ್ಲ. ಅಪ್ಪ ಹೆಸರು ಹಿಡಿದು ಕೂಗಿದರೂ ಅವಳು ತಿರುಗಲಿಲ್ಲ. ಔಮಾ ಮೆಲ್ಲಗೆ ಕೇಳಿದಳು: “ಯಾರ ಮಗು ನೀನು?”

“ಗಾಮಿಸಳ ಮಗು” ಎಂದಳು ಹುಡುಗಿ.

ಅಜ್ಜಿಯ ಹೆಸರು ಲೋಡೆವಿಕ್‌ಗೆ ತಿಳಿದದ್ದು ಹೀಗೆ. ಮೀಟಾ ಬಹುಕಾಲ ಬದುಕಿದಳು, ಅವನ ಮನೆಯಲ್ಲೇ ಇದ್ದಳು. ಆದರೆ ಅವನನ್ನು ಅಪ್ಪಾ ಎಂದು ಮತ್ತೆಂದೂ ಕರೆಯಲಿಲ್ಲ. ಏನಾದರೂ ಬೇಕಾದಾಗ ಕೆಲಸದವನನ್ನು ಕೇಳುವಷ್ಟೇ ಮರ್ಯಾದೆಯಿಂದ ಕೇಳುತ್ತಿದ್ದಳು ಎನ್ನುತ್ತಾರೆ. ಅವನು ಎದ್ದು ತಂದುಕೊಡುತ್ತಿದ್ದ.

ನೀರು ಹಿಂದಿರುಗಿಸಿದ ಆ ಕಲ್ಲುಗಳ ಗುಪ್ಪೆ ಈಗಲೂ ದಂಡೆಯಲ್ಲಿದೆ. ನೋಡಲು ಬಂದವರ ಕೈಗೆ ಊರಿನವರು ಒಂದು ಕಲ್ಲು ಕೊಟ್ಟು, ಯಾರ ಮಗು ಎಂದು ಕೇಳುತ್ತಾರೆ. ಬಂದವರು ನಗುತ್ತಾ ಅಪ್ಪನ ಹೆಸರು ಹೇಳುತ್ತಾರೆ, ತಾತನ ಹೆಸರು, ಮುತ್ತಾತನ ಹೆಸರನ್ನೂ ಹೇಳುತ್ತಾರೆ. ಹೆಂಗಸರ ಕಡೆಯದು ಎಂದು ಕೇಳಿದಾಗ ಅಮ್ಮನ ಹೆಸರು ಬರುತ್ತದೆ, ಅಜ್ಜಿಯದು ತುಸು ತಡೆದು ಬರುತ್ತದೆ. ಅಜ್ಜಿಯ ಅಮ್ಮನದು ಎಂದಾಗ ನಗು ನಿಲ್ಲುತ್ತದೆ. ಅಲೆಯಿಲ್ಲದ ಆ ನೀರಿನ ಮುಂದೆ, ಕಲ್ಲು ಹಿಡಿದ ಕೈ ಹಾಗೇ ಮೇಲೆತ್ತಿಕೊಂಡು ನಿಂತ ಯಾರಾದರೊಬ್ಬರು ಅಲ್ಲಿ ಯಾವಾಗಲೂ ಕಾಣಸಿಗುತ್ತಾರೆ.