ಕೆಮ್ಮನ್ನೂ ಕಲಿತ ದರ್ಜಿ

"ಉಸ್ತಾದ್, ತರಗತಿಯ ಪರದೆಯನ್ನು ಕಿತ್ತುಹಾಕಲೇ?" ಎಂದು ಸಾಬಿರಾ ಕೇಳಿದಳು.

ಅವಳು ಇಸ್ಲಾಮಿಯಾ ಕಾಲೇಜಿನಲ್ಲಿ ಕ್ಯಾಲ್ಕುಲಸ್ ಕಲಿಸುತ್ತಿದ್ದಳು. ಮುನವ್ವರ್ ಉಸ್ತಾದರು ಚಿಕ್ಕಂದಿನಲ್ಲಿ ಅವಳಿಗೆ ಕುರ್‌ಆನ್ ಓದಿಸಿದವರು. ರಜೆಯೆಲ್ಲ ಕೂತು ಅವಳು ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರಗಳನ್ನು ಮಾಡಿ, ತರಗತಿಯ ಪರದೆಯ ಮೇಲೆ ತೋರಿಸಿದ್ದಳು. ಕೆಂಪು ಗೆರೆಯೊಂದು ಜಾರುತ್ತ ಬಂದು, ವಕ್ರರೇಖೆಯನ್ನು ಒಂದು ಬಿಂದುವಿನಲ್ಲಿ ಮುಟ್ಟಿ ನಿಲ್ಲುತ್ತಿತ್ತು. ಮಕ್ಕಳು ಅರ್ಥವಾಯಿತೆಂದು ತಲೆಯಾಡಿಸಿದ್ದರು. ಪರೀಕ್ಷೆಯಲ್ಲಿ ಬೇರೆ ವಕ್ರರೇಖೆ ಕೊಟ್ಟರೆ, ಎಲ್ಲರೂ ಅದೇ ಜಾಗದಲ್ಲಿ ಅದೇ ಕೆಂಪು ಗೆರೆ ಎಳೆದಿದ್ದರು. ನನಗೆ ಕಲಿಸಲು ಬರುವುದಿಲ್ಲ, ಕೆಲಸವನ್ನೇ ಬಿಡುತ್ತೇನೆ ಎಂದು ಅವಳು ಕಣ್ಣೊರೆಸಿಕೊಂಡಳು.

ಉಸ್ತಾದರು ತಮ್ಮ ಚಹಾವನ್ನು ಅವಳತ್ತ ಸರಿಸಿ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಮಸೀದಿಯಲ್ಲಿ ಒಮ್ಮೆಯಾದರೂ ನಮಾಜಿಗೆ ಕರೆಯುವ ಬಾಂಗ್ ಕೊಡಬೇಕೆಂಬುದು ಅವನ ಆಸೆ. ಬಾಂಗ್ ಕೊಡುವ ಮುದುಕನ ಬಳಿ ಹೋಗಿ ಕಲಿಯಲು ನಾಚಿಕೆ. ಅದಕ್ಕೆ ಬಾಂಗಿನ ಒಂದು ಟೇಪು ತಂದು, ಹೊಲಿಯುತ್ತಲೇ ಕೇಳಿ ಕೇಳಿ ಕಲಿತ. ಆದರೆ ಟೇಪಿನಲ್ಲಿ ಬಾಂಗ್ ಕೊಟ್ಟವನಿಗೆ, ಪಾಪ, ಅಂದು ನೆಗಡಿ. ನಡುವೆ ಒಮ್ಮೆ ಕೆಮ್ಮಿದ್ದ. ನಮ್ಮ ದರ್ಜಿ ಶ್ರದ್ಧೆಯ ಮನುಷ್ಯ, ಒಂದು ಎಳೆಯನ್ನೂ ಬಿಡುವವನಲ್ಲ. ಆ ಕೆಮ್ಮನ್ನೂ ಕಲಿತ.

ಒಂದು ಶುಕ್ರವಾರ ಅವಕಾಶ ಸಿಕ್ಕಿತು. ಅವನು ಇಂಪಾಗಿ ಕರೆದ. ಆ ಜಾಗ ಬಂದಾಗ ಭಕ್ತಿಯಿಂದ ಕೆಮ್ಮಿದ. ಸೇರಿದ್ದವರು ಗಡ್ಡದೊಳಗೇ ನಕ್ಕರು. ನಾಚಿಕೆಯಿಂದ ಕುಗ್ಗಿಹೋದ ದರ್ಜಿ, ಇನ್ನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲವೆಂದು ಮನೆಗೆ ಬಂದು, ಟೇಪನ್ನು ಒಡೆಯಲು ಇಸ್ತ್ರಿಪೆಟ್ಟಿಗೆ ಎತ್ತಿದ. ಹಿಂದೆಯೇ ಬಂದ ಮುದುಕ ಅವನ ಕೈ ಹಿಡಿದ.

"ಅದನ್ಯಾಕ ಒಡೀತಿ? ಅದು ಚಂದಾಗೇ ಹೇಳ್ಯದ. ನೀ ಹೇಳೂದನ್ನ ಅದು ಕೇಳೂದಿಲ್ಲ, ಅಷ್ಟ. ನನ್ನ ಮುಂದ ಕೂತು ಒಮ್ಮಿ ಹೇಳು."

ದರ್ಜಿ ಹೇಳಿದ. ಮುದುಕ ಅವನ ಮುಖವನ್ನೇ ನೋಡುತ್ತ ಕೇಳಿದ. ಕೆಮ್ಮಿನ ಜಾಗ ಬಂದಾಗ ಮೆಲ್ಲಗೆ ಅವನ ಬೆನ್ನ ಮೇಲೆ ಕೈಯಿಟ್ಟ. ದರ್ಜಿ ಕೆಮ್ಮಲಿಲ್ಲ.

ಸಾಬಿರಾಳಿಗೆ ನಗು ಬಂತು. ಹಾಗಾದರೆ ಪರದೆ ಇರಲಿ ಎನ್ನುತ್ತೀರಾ ಎಂದು ಕೇಳಿದಳು.

"ಇರಲಿ, ಮಗಳೇ," ಎಂದರು ಉಸ್ತಾದರು. "ಗೆರೆ ಜಾರುತ್ತಿದ್ದಾಗ ಮಕ್ಕಳು ಪರದೆಯನ್ನು ನೋಡುತ್ತಿದ್ದರು, ನೀನು ಯಾರನ್ನು ನೋಡುತ್ತಿದ್ದೆ?"